ಒಂದೇ ವಿಳಾಸದ ಇಬ್ಬರು

ನಾನು ಒಂದು ಕಾವಲು ಪ್ರೋಗ್ರಾಂ. ವಿಜಯಪುರದ ಕಡೆಯ ಒಂದು ಕಣ್ಣಾಸ್ಪತ್ರೆಯ ಸರ್ವರಿನಲ್ಲಿ, ಇಡೀ ಯಂತ್ರವನ್ನು ನಡೆಸುವ ಕರ್ನಲ್ ಎಂಬ ಒಳಮನೆಯ ಹೊಸ್ತಿಲಲ್ಲಿ ಕೂತಿದ್ದೆ. ನನ್ನನ್ನು ಬರೆದವಳು ನೀಲಗಂಗಾ. ಬರೆಯುವಾಗ ಅವಳು ಶೇಂಗಾ ಸುಲಿಯುತ್ತಿದ್ದಳು. ಆ ಸಪ್ಪಳವೇ ನನ್ನ ಜೋಗುಳ.

ನಮ್ಮ ಸರ್ವರ್ ವಿಚಿತ್ರ. ಕಬ್ಬಿಣದ ಪೆಟ್ಟಿಗೆ ಒಂದೇ, ಒಳಗೆ ಮೈಯಿಲ್ಲದ ನಾಲ್ಕು ಕಂಪ್ಯೂಟರುಗಳು. ಒಂದೊಂದಕ್ಕೂ ವಿಳಾಸವುಂಟು, ಬಾಗಿಲುಂಟು. ಒಂದರಿಂದ ಇನ್ನೊಂದಕ್ಕೆ ಹೋಗುವ ಮಾಹಿತಿಯ ಪ್ಯಾಕೆಟ್‌ಗಳು ಯಾವ ವೈರನ್ನೂ ಮುಟ್ಟುವುದಿಲ್ಲ. ಇಲ್ಲದ ಬೀದಿಯಲ್ಲಿ ನಿಂತ ನಾನು ಇದ್ದೇನೋ ಇಲ್ಲವೋ ಎಂದು ಎಷ್ಟೋ ಸಲ ಗೊಂದಲವಾಗುತ್ತಿತ್ತು. ಕೆಲಸ ಮಾತ್ರ ಸರಳ: ವಿಳಾಸ ನೋಡು, ಬಂದ ಬಾಗಿಲು ನೋಡು, ಹೊಂದದಿದ್ದರೆ ಹಿಡಿದು ಎಸೆ.

ಒಂದು ದಿನ ಐದನೆಯ ಬಾಗಿಲು ತೆರೆಯಿತು. ತಾಲೂಕುಗಳಿಂದ ಬರುವ ಕೂಸುಗಳ ಕಣ್ಣಿನ ಫೋಟೋಗಳನ್ನು ಡಾಕ್ಟರಿಗೆ ಮುಟ್ಟಿಸುವ ಹೊಸ ಕಂಪ್ಯೂಟರ್ ಅದು. ಅಲ್ಲಿಂದ ಬಂದ ಪ್ಯಾಕೆಟ್‌ನ ಮೇಲೆ ಮೂರನೆಯದರ ವಿಳಾಸ! ಮೂರನೆಯದೂ ತನ್ನ ಬಾಗಿಲಿನಿಂದ ಕಳಿಸುತ್ತಲೇ ಇತ್ತು. ಯಾರು ನಿಜ, ಯಾರು ವೇಷ? ನನ್ನ ಪಟ್ಟಿಯಲ್ಲಿ ಆ ವಿಳಾಸ ಮೂರನೆಯ ಬಾಗಿಲಿಗೇ ಸೇರಿದ್ದು; ಐದನೆಯದರ ಪ್ಯಾಕೆಟ್ ಹಿಡಿದೆ, ಎಸೆದೆ. ಮತ್ತೆ ಬಂತು, ಮತ್ತೆ ಎಸೆದೆ.

ಮಧ್ಯಾಹ್ನ ಡಾಕ್ಟರ್ ಬಿಜ್ಜರಗಿ ಓಡಿಬಂದರು. "ನೀಲಗಂಗಾ, ಏಳ ತಿಂಗಳಿಗೆ ಹುಟ್ಟಿದ ಕೂಸು, ತಾಲೂಕಿನ ದವಾಖಾನ್ಯಾಗ ಗಾಜಿನ ಪೆಟ್ಟಿಗ್ಯಾಗ ಐತಿ. ಫೋಟೋನ ಬರವಲ್ದು, ನೋಡದ ಹೆಂಗ ಕರಸ್ಲಿ? ಇವತ್ತ ನೋಡ್ಲಿಲ್ಲಂದ್ರ ಕಣ್ಣ ಉಳಿಯೂದಿಲ್ಲ!"

ಎಸೆದದ್ದನ್ನೆಲ್ಲ ನಾನು ಬರೆದಿಟ್ಟ ದಿನಚರಿಯನ್ನು ನೀಲಗಂಗಾ ತೆರೆದು ಓದಿದಳು. ಸರ್ವರ್ ನೋಡಿಕೊಳ್ಳುವ ಹಿರಿಯ ಮುಲ್ಲಾ ಅವರ ಕಡೆ ತಿರುಗಿದಳು. "ಮಾಮಾ, ಹೊಸಾದು ಹೆಂಗ ಮಾಡಿದ್ರಿ?"

"ಮೂರನೇದರದ್ದ ನಕಲ್ ತಗದೆ ನೋಡವ್ವಾ. ಮೊದಲಿಂದ ಮಾಡ್ಕೋಂತ ಕುಂತ್ರ ದಿನಾ ಹೋಗ್ತದ."

"ವಿಳಾಸನೂ ನಕಲಾಗೇತಿ! ಪಾಪ, ಇವ ಏನ್ ಮಾಡ್ಯಾನು?"

"ಯಾರವ್ವಾ ಇವ?"

"ನನ್ನ ಕಾವಲುಗಾರ."

"ಹೆತ್ತ ಮಗನ ಹಂಗ ವಹಿಸ್ಕೋತಿಯಲ್ಲ!" ಎಂದ ಮುಲ್ಲಾ ಅವರಿಗೆ ತಪ್ಪು ತಮ್ಮ ನಕಲಿನದೇ ಎಂದು ಹೊಳೆದು ನಗು ಅರ್ಧಕ್ಕೇ ನಿಂತಿತು.

ಅವಳು ಐದನೆಯದಕ್ಕೆ ಬೇರೆ ವಿಳಾಸ ಕೊಟ್ಟಳು, ನನ್ನ ಪಟ್ಟಿಯಲ್ಲೂ ಬರೆದಳು. ನಾನು ಎಸೆದದ್ದು ತಿರುಗಿ ಬರುವುದಿಲ್ಲ, ಆದರೆ ಉತ್ತರ ಸಿಗದವರು ಮತ್ತೆ ಕಳಿಸುತ್ತಾರೆ. ಫೋಟೋಗಳು ಸಾಲಾಗಿ ಬಂದವು. ಬಿಟ್ಟೆ.

"ಈಗಿಂದೀಗ ಕರ್ಕೊಂಡ ಬರ್ರಿ!" ಎಂದು ಡಾಕ್ಟರ್ ಫೋನಿನಲ್ಲಿ ಕೂಗಿದರು.

ವರ್ಷಗಳು ಕಳೆದು ಈಗ ಹೊಸ ಕರ್ನಲ್ ಬಂದಿದೆ, ಹೊಸ ಕಾವಲುಗಾರನೂ ಬಂದಿದ್ದಾನೆ. ನಾನು ಹಳೆಯ ಫೋಲ್ಡರಿನಲ್ಲಿ ಮಲಗಿದ್ದೇನೆ. ನನ್ನನ್ನು ಇಲ್ಲಿಗೆ ಸರಿಸುವಾಗ ನೀಲಗಂಗಾ ಹೇಳಿದಳು: "ಆ ಕೂಸು ಅಂಗನವಾಡಿಗೆ ಹೊಂಟಾಳಂತ. ಕಣ್ಣಿಗೆ ದಪ್ಪ ಚಾಳೀಸ ಹಾಕ್ಕೊಂಡು ಎಲ್ಲಾರ ಚಪ್ಪಲಿ ಅದಲಬದಲ ಮಾಡ್ತಾಳಂತ."

ಆ ಕೂಸಿನ ಮುಖ ನಾನು ಕಂಡಿಲ್ಲ. ಲಕೋಟೆಯ ಮೇಲಿನ ವಿಳಾಸ ಓದಿದವನೇ ಹೊರತು ಒಳಗಿನದನ್ನು ಓದಿದವನಲ್ಲ. ಹೇಳಿದಂತೆಯೇ ಮಾಡಿದ್ದೆ, ಆದರೂ ಅರ್ಧ ದಿನ ಅವಳ ಬೆಳಕಿಗೆ ಅಡ್ಡ ನಿಂತವನು ನಾನೇ. ನಾಳೆ ಮತ್ತೆ ಒಂದೇ ವಿಳಾಸದ ಇಬ್ಬರು ಬಂದರೆ ಯಾರನ್ನು ತಡೆಯಬೇಕು? ಯಾರೂ ಕೇಳದ ಈ ಮೂಲೆಯಲ್ಲಿ ಅದನ್ನೇ ಯೋಚಿಸುತ್ತಿದ್ದೇನೆ.