ಕೂಡಿಕೊಂಡ ಮೂಳೆ

ಉಮೇಶ್ ತನ್ನ ಅಣ್ಣ ಯೋಗಾನಂದನ ಕಾಲಿನ ಎರಡೂ ಹೆಬ್ಬೆರಳುಗಳನ್ನು ಜೋಡಿಸಿ ದಾರ ಸುತ್ತುತ್ತಿದ್ದ. ಎಡಪಾದ ಹೊರಕ್ಕೆ ವಾಲಿಕೊಂಡಿತ್ತು. ಒಳಕ್ಕೆ ಎಳೆದು ಹಿಡಿದರೂ ಗಂಟು ಬಿಗಿಯುವಷ್ಟರಲ್ಲಿ ಮತ್ತೆ ಜಾರುತ್ತಿತ್ತು.

“ಮೆಲ್ಲಗೆ ಕಣಪ್ಪ,” ಎಂದಳು ಅತ್ತಿಗೆ ನಾಗಲಕ್ಷ್ಮಿ. ಅಂದ ಮೇಲೆ ಸೆರಗನ್ನು ಬಾಯಿಗೊತ್ತಿಕೊಂಡಳು.

ಸಹಕಾರನಗರದ ಹಿಂಬದಿಯ ಓಣಿಯಲ್ಲಿ ಶಾಮಿಯಾನ ಹಾಕಿದ್ದರು. ಯೋಗಾನಂದನಿಗೆ ಐವತ್ತೆರಡು. ಹದಿನೆಂಟು ವರ್ಷ ಸ್ಕೂಲ್ ವ್ಯಾನ್ ಓಡಿಸಿದವನು. ಕಿಡ್ನಿ ಕೆಟ್ಟು, ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು, ಆ ಬೆಳಿಗ್ಗೆ ತೀರಿಕೊಂಡಿದ್ದ.

“ಕುಡೀತಿರ್ಲಿಲ್ಲ, ಶುಗರ್ ಇರ್ಲಿಲ್ಲ. ಕಿಡ್ನಿ ಹೆಂಗ್ ಹೋಯ್ತು?” ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು.

“ಗೊತ್ತಿಲ್ಲ ಕಣ್ರೀ,” ಎನ್ನುತ್ತಿದ್ದ ಉಮೇಶ್.

*

ಮೂರು ವರ್ಷದ ಹಿಂದೆ, ನೀರು ನಿಂತ ರಸ್ತೆಯಲ್ಲಿ ಮಗುವೊಂದನ್ನು ವ್ಯಾನಿನಿಂದ ಎತ್ತಿ ಇಳಿಸುವಾಗ ಯೋಗಾನಂದ ಗುಂಡಿಯೊಳಗೆ ಕಾಲಿಟ್ಟಿದ್ದ. ಮಗುವಿಗೆ ಏನೂ ಆಗಲಿಲ್ಲ. ಅವನ ಎಡಪಾದದ ಕೀಲಿನಲ್ಲಿ ಮೂಳೆ ಮುರಿಯಿತು. ಎರಡು ತಿಂಗಳಾದ ಮೇಲೆ ಪ್ಲಾಸ್ಟರ್ ಬಿಚ್ಚಿದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಚೆನ್ನಾಗಿ ಕೂಡ್ಕೊಂಡಿದೆ” ಎಂದರು.

ನೋವು ಮಾತ್ರ ಹೋಗಲಿಲ್ಲ. ಕ್ಲಚ್ ಒತ್ತಿದಾಗಲೆಲ್ಲ ಮೊಣಕಾಲಿನವರೆಗೂ ಹತ್ತುತ್ತಿತ್ತು. ಒಂದು ದಿನ ಅಂಡರ್‌ಪಾಸಿನ ಏರಿನಲ್ಲಿ ಕಾಲು ಸೋತು ವ್ಯಾನ್ ಹಿಂದಕ್ಕೆ ಜಾರಿತು. ಒಳಗೆ ಹನ್ನೊಂದು ಮಕ್ಕಳು ಚೀರಿದರು. ಯಾರಿಗೂ ಪೆಟ್ಟಾಗಲಿಲ್ಲ. ಅವತ್ತೇ ಸಂಜೆ ಹೋಗಿ ವ್ಯಾನಿನ ಕೀಲಿಕೈಯನ್ನು ಮಾಲೀಕರಿಗೆ ಒಪ್ಪಿಸಿ ಬಂದ.

ಮನೆಯಲ್ಲಿ ಕುಳಿತವನನ್ನು ಕಂಡರೆ ನಾಗಲಕ್ಷ್ಮಿಗೆ ರೇಗುತ್ತಿತ್ತು. ಗಾರ್ಮೆಂಟ್ಸ್ ಕೆಲಸ ಮುಗಿಸಿ ಸುಸ್ತಾಗಿ ಬಂದ ಒಂದು ಸಂಜೆ, ಮಗಳು ಚೈತ್ರಳ ಎದುರಿಗೇ ಅಂದುಬಿಟ್ಟಳು: “ಮೂಳೆ ಕೂಡ್ಕೊಂಡಿದೆ ಅಂತ ಡಾಕ್ಟ್ರೇ ಹೇಳಿದ್ಮೇಲೆ ಇನ್ನೆಲ್ಲಿ ನೋವು ನಿಮ್ಗೆ? ಮನೇಲಿ ಕೂರೋಕೆ ಒಂದು ನೆಪ ಬೇಕು, ಅಷ್ಟೆ.”

ಯೋಗಾನಂದ ಪಾದ ಉಜ್ಜಿಕೊಳ್ಳುತ್ತಿದ್ದ ಕೈ ತೆಗೆದ. ಮುಂದಿನ ವಾರ ಅಪಾರ್ಟ್‌ಮೆಂಟೊಂದರಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ. ಗೇಟಿನ ಬಳಿ ಹನ್ನೆರಡು ಗಂಟೆ ನಿಲ್ಲುವ ಕೆಲಸ. ಆಮೇಲೆ ಅವನು ಕಾಲಿನ ಮಾತೇ ಎತ್ತಲಿಲ್ಲ.

“ನೋಡ್ದ್ಯಾ? ಕೆಲ್ಸಕ್ಕೆ ಹೋದ್ಮೇಲೆ ನೋವೂ ಹೋಯ್ತು,” ಎಂದು ನಾಗಲಕ್ಷ್ಮಿ ಮಗಳಿಗೆ ಹೇಳಿದ್ದಳು.

*

ಮೆಡಿಕಲ್ ಶಾಪಿನ ಫರ್ದೀನ್ ಅಂಗಡಿ ಮುಚ್ಚಿ ಬಂದಿದ್ದ. ಅರ್ಧ ನರೆತ ಗಡ್ಡದ ಮನುಷ್ಯ. ಹಾರವಿಟ್ಟು ಬಂದು ನಾಗಲಕ್ಷ್ಮಿಯ ಎದುರು ಕುಳಿತ.

“ಎಷ್ಟೋ ಸಲ ಹೇಳ್ದೆ ಅಕ್ಕಾ ಯೋಗಣ್ಣಂಗೆ. ದಿನಾ ನಾಲ್ಕ್ ನಾಲ್ಕು ಮಾತ್ರೆ ನುಂಗ್ಬೇಡಿ, ಕಿಡ್ನಿ ಹೋಗುತ್ತೆ, ಡಾಕ್ಟ್ರಿಗೆ ತೋರ್ಸಿ ಅಂತ. ಕೊನೆಗೆ ನಾನು ಕೊಡೋದೇ ನಿಲ್ಲಿಸ್ಬಿಟ್ಟೆ. ಬೇರೆ ಕಡೆ ತಗೊಂಡ್ರೋ ಏನೋ.”

“ಯಾವ ಮಾತ್ರೆ?”

“ಕಾಲ್ನೋವಿಂದು.” ಅವನು ಅವಳ ಮುಖ ನೋಡಿದ. “ನಿಮ್ಗೆ ಗೊತ್ತಿರ್ಲಿಲ್ವಾ ಅಕ್ಕಾ?”

ಆಸ್ಪತ್ರೆಗೆ ಸೇರಿಸಿದ ದಿನ ಡಾಕ್ಟರು ಕೇಳಿದ್ದರು, ನೋವಿನ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರಾ ಎಂದು. ಯೋಗಾನಂದನಿಗೆ ಆಗಲೇ ಎಚ್ಚರವಿರಲಿಲ್ಲ. ಉತ್ತರ ಕೊಟ್ಟವಳು ನಾಗಲಕ್ಷ್ಮಿ: “ಇಲ್ಲ ಸಾರ್, ಅವ್ರಿಗೆ ಯಾವ ನೋವೂ ಇರ್ಲಿಲ್ಲ.”

ಈಗ ಫರ್ದೀನನ ಮಾತು ಕೇಳಿಸಿಕೊಂಡ ಚೈತ್ರ ಅಮ್ಮನ ಪಕ್ಕದಿಂದ ಎದ್ದಳು. ಹೋಗಿ ಅಪ್ಪನ ಕಾಲ ಬಳಿ ಕುಳಿತಳು. ಅಮ್ಮ ಕರೆದರೂ ತಿರುಗಲಿಲ್ಲ.

ಮಧ್ಯಾಹ್ನ ಗಂಡಸರು ಹೆಣ ಎತ್ತಿಕೊಂಡು ಹೆಬ್ಬಾಳದ ಚಿತಾಗಾರಕ್ಕೆ ಹೊರಟರು. ಹೆಂಗಸರು ನಾಗಲಕ್ಷ್ಮಿಯನ್ನು ಎರಡನೇ ಮಹಡಿಯ ಮನೆಗೆ ಕರೆದುಕೊಂಡು ಹೋದರು. ದಿನವೂ ಅವಸರದಲ್ಲಿ ಹತ್ತಿ ಇಳಿಯುತ್ತಿದ್ದ ಮೆಟ್ಟಿಲುಗಳನ್ನು ಅವಳು ಒಂದೊಂದಾಗಿ ಹತ್ತಿದಳು.

ಸುಣ್ಣ ಬಳಿದ ಗೋಡೆಯ ಮೇಲೆ, ಎದೆಯೆತ್ತರದಲ್ಲಿ, ಮೆಟ್ಟಿಲಿಗೊಂದರಂತೆ, ಯಾರೋ ಗೋಡೆಗೆ ಭಾರ ಹಾಕಿ ಹತ್ತಿದಂತೆ, ಅಂಗೈಯಗಲದ ಕಪ್ಪು ಕಲೆಗಳಿದ್ದವು. ತಿರುವಿನಲ್ಲಿ ಎರಡು ಅಂಗೈಗಳ ಗುರುತು ಅಕ್ಕಪಕ್ಕದಲ್ಲಿ. ಅವೆರಡರ ನಡುವೆ, ಸ್ವಲ್ಪ ಮೇಲೆ, ಹಣೆಯಷ್ಟಗಲ, ತಲೆಯೆಣ್ಣೆ ಹೀರಿ ಹೊಳೆಯುವ ಇನ್ನೊಂದು ಕಲೆ.