ಮಡಚು ಎಂದದ್ದು ಯಾರಿಗೆ

ನಮ್ಮದು ಲಾಂಡ್ರಿ. ಮುಂದುಗಡೆ ಇಸ್ತ್ರಿ ಮೇಜು, ನಡುವೆ ಒಗೆಯುವ ಯಂತ್ರಗಳು, ಹಿಂದುಗಡೆ ತಗಡಿನ ಶೆಡ್ಡು. ಒಂದು ಕಾಲಕ್ಕೆ ಆ ಶೆಡ್ಡಿನಲ್ಲಿ ಬಟ್ಟೆ ಒಣಗುತ್ತಿತ್ತು, ಈಗ ಹೆಣ್ಣುಮಕ್ಕಳು ಬಾಕ್ಸಿಂಗ್ ಕಲಿಯುತ್ತಾರೆ. ಕಲಿಸುವವಳು ನನ್ನ ಅಮ್ಮ. ಹೆಂಗಸರಿಗೆ ಚಾಂಪಿಯನ್ ಬೆಲ್ಟೇ ಇಲ್ಲದ ಕಾಲದಲ್ಲಿ ಗುದ್ದಾಡಿ ಮೂಗು ಮುರಿದುಕೊಂಡವಳು ಅವಳು. ಅವಳ ಬಳಿ ಕಲಿತವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿತವಳು ನನ್ನ ಹೆಂಡತಿ. ಇಬ್ಬರ ನಡುವೆ ಬಕೆಟ್ಟು, ಟವೆಲ್ಲು ಹಿಡಿದು ನಿಲ್ಲುವವನು ನಾನು. ಮನೆಯಲ್ಲಿ ಅತ್ತೆ ಸೊಸೆ ಜಗಳ ಎಂದು ಯಾರಾದರೂ ಗೋಳು ಹೇಳಿಕೊಂಡರೆ ನನಗೆ ನಗು ಬರುತ್ತದೆ. ಅವರ ಮನೆಯ ಹೆಂಗಸರಿಗೆ ಗ್ಲೌಸು ಹಾಕಲು ಬರುವುದಿಲ್ಲವಲ್ಲ.

ಒಂಬತ್ತು ವರ್ಷದಿಂದ ಬೆಲ್ಟು ನಮ್ಮ ಮನೆಯಲ್ಲೇ ಇದೆ. ಹೆಂಡತಿಯ ತೂಕದ ವಿಭಾಗದಲ್ಲಿ ಇಷ್ಟು ಕಾಲ ಅದನ್ನು ಬಿಟ್ಟುಕೊಡದೆ ಇದ್ದವಳು ಹಿಂದೆ ಒಬ್ಬಳೇ. ಈ ಸಲ ಗೆದ್ದರೆ ಅವಳನ್ನೂ ದಾಟಿದಂತೆ. ಹೆಂಡತಿಗೆ ಅದೊಂದೇ ಹಟ. ಮೊಣಕೈ ನೋವು, ವಯಸ್ಸು, ಡಾಕ್ಟರ ಮಾತು ಎಲ್ಲವನ್ನೂ ಈ ಹಟದ ಕಾಲಕೆಳಗೆ ಹಾಕಿಕೊಂಡಿದ್ದಳು.

ಎದುರಿಗೆ ಬಂದವಳು ಮಾತ್ರ ಗುಂಡಿ. ನಮ್ಮ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯಲು ಬಂದು, ಶೆಡ್ಡಿಗೆ ಇಣುಕಿ, ಅಲ್ಲೇ ಬೆಳೆದ ಹುಡುಗಿ, ಅದಕ್ಕೇ ಆ ಹೆಸರು. ಹೆಂಡತಿಯದೇ ತೂಕ. ತಾನು ಅಕ್ಕ ಎನ್ನುತ್ತಿದ್ದ ನನ್ನ ಹೆಂಡತಿಯ ಸೊಂಟದಲ್ಲಿ ಬೆಲ್ಟು ಇರುವ ತನಕ ತನಗೆ ಈ ಶೆಡ್ಡಿನಲ್ಲಿ ಬಾಗಿಲಿಲ್ಲ ಎಂದು ಅರ್ಥವಾದಾಗ ಬೇರೆ ಕಡೆ ಹೋದಳು. ಜಗಳವಾಡಿ ಹೋಗಲಿಲ್ಲ. ಗ್ಲೌಸುಗಳನ್ನು ಒರೆಸಿ, ಮೊಳೆಗೆ ನೇತುಹಾಕಿ ಹೋದಳು. ಅಮ್ಮ ಆ ಮೊಳೆಗೆ ಇವತ್ತಿನವರೆಗೂ ಬೇರೆ ಏನನ್ನೂ ಹಾಕಲು ಬಿಟ್ಟಿಲ್ಲ.

ಅವಳು ಎದುರಾಳಿಯಾದರೆ ನಮಗೆ ಒಂದು ಪೇಚು. ರಿಂಗಿನ ಪಕ್ಕ ನಿಂತು ಅಮ್ಮ ಕೂಗುವುದೆಲ್ಲ ಲಾಂಡ್ರಿ ಭಾಷೆ. ‘ಒಗೆ’ ಎಂದರೆ ಬಲಗೈ ಬೀಸು. ‘ಹಿಂಡು’ ಎಂದರೆ ಪಕ್ಕೆಗೆ ಹೊಡಿ. ‘ಮಡಚು’ ಎಂದರೆ ಎರಡೂ ಕೈ ಮುಖದ ಮುಂದೆ ತಂದು ಮುದುಡಿಕೊ. ಇಷ್ಟು ವರ್ಷ ಎದುರಾಳಿಗಳ ಕಡೆಯವರು, ಪಾಪ, ಮುದುಕಿಗೆ ಅಂಗಡಿಯ ಚಿಂತೆ ಬಿಟ್ಟಿಲ್ಲ ಎಂದುಕೊಂಡಿದ್ದರು. ಗುಂಡಿಗೆ ಅದೆಲ್ಲ ಬಾಯಿಪಾಠ.

ಹೊಸ ಮಾತು ಕಟ್ಟಿ ನೋಡಿದೆವು. ಅಮ್ಮ ಹೊಸ ಮಾತು ಕೂಗಿದಾಗಲೆಲ್ಲ ಹೆಂಡತಿ ಒಂದು ಗಳಿಗೆ ಯೋಚಿಸುತ್ತಾ ನಿಲ್ಲುತ್ತಿದ್ದಳು. ಗುದ್ದಾಟದಲ್ಲಿ ಯೋಚಿಸುತ್ತಾ ನಿಂತವರ ಹಲ್ಲು ಉಳಿಯುವುದಿಲ್ಲ. ಕೊನೆಗೆ ಗ್ಲೌಸು ಬಿಚ್ಚಿ ಬಿಸಾಕಿದಳು.

“ಏನೂ ಕೂಗಬೇಡಿ ಅತ್ತೆ. ನೀವು ಬಾಯಿ ಮುಚ್ಕೊಂಡಿದ್ರೆ ಸಾಕು, ನಾನು ಗೆಲ್ತೀನಿ.”

ಮದುವೆಯಾದಾಗಿನಿಂದ ಈ ಮಾತು ಅವಳ ನಾಲಿಗೆ ತುದಿಯಲ್ಲೇ ಇತ್ತು ಅಂತ ನನ್ನ ಗುಮಾನಿ. ನಾನು ನಕ್ಕೆ. ಇಬ್ಬರೂ ತಿರುಗಿ ನೋಡಿದರು, ನಾನು ಬಕೆಟ್ಟು ತೊಳೆಯಲು ಹೋದೆ.

ಪಂದ್ಯದ ಸಂಜೆ ಅಮ್ಮ ಬಾಯಿಗೆ ಬೀಗ ಹಾಕಿಕೊಂಡೇ ಕೂತಳು. ನಿದ್ದೆಯಲ್ಲೂ ಮಾತಾಡುವವಳು ಹಾಗೆ ಕೂತದ್ದು ನೋಡಿ ನನಗೆ ಸಂಕಟವಾಯಿತು. ಮೊದಲ ಸುತ್ತುಗಳು ಸಮಸಮ ಹೋದವು. ಆಮೇಲೆ ಗುಂಡಿಯ ವಯಸ್ಸು ಕೆಲಸ ಮಾಡತೊಡಗಿತು. ನಡುವಿನ ಒಂದು ಸುತ್ತಿನಲ್ಲಿ ಅವಳು ಹೆಂಡತಿಯನ್ನು ಮೂಲೆಗೆ ಒತ್ತಿ ಬಾರಿಸುತ್ತಿದ್ದಾಗ ಅಮ್ಮನಿಗೆ ತಡೆಯಲಾಗಲಿಲ್ಲ.

“ಮಡಚು!”

ಹೆಂಡತಿ ಮಡಚಿದಳು. ಗುಂಡಿಯೂ ಮಡಚಿದಳು. ಹೊಡೆಯುತ್ತಿದ್ದವಳು, ಹೊಡೆಸಿಕೊಳ್ಳುತ್ತಿದ್ದವಳು ಇಬ್ಬರೂ ಒಟ್ಟಿಗೆ ಕೈ ಎತ್ತಿ, ಮೊಣಕೈ ಒಳಗೆಳೆದುಕೊಂಡು, ಇಸ್ತ್ರಿಯಾದ ಎರಡು ಅಂಗಿಗಳ ಹಾಗೆ ಎದುರುಬದುರು ನಿಂತುಬಿಟ್ಟರು. ಜನ ಗೊಳ್ಳೆಂದು ನಕ್ಕರು. ರೆಫರಿ ಕಣ್ಣು ಪಿಳಿಪಿಳಿ ಬಿಟ್ಟ.

ಸುತ್ತು ಮುಗಿದು ಹೆಂಡತಿ ಸ್ಟೂಲಿನ ಮೇಲೆ ಕೂತಾಗ ನನ್ನ ತಲೆ ಓಡಿತು.

“ಅಮ್ಮ, ಈಗ ‘ಒಗೆ’ ಅನ್ನು. ಗುಂಡಿ ಅಭ್ಯಾಸಬಲದಿಂದ ಬಲಗೈ ಬೀಸ್ತಾಳೆ, ಇವಳು ತಪ್ಪಿಸ್ಕೊಂಡು ಒಂದು ಕೊಟ್ರೆ ಮುಗೀತು.”

ಹೆಂಡತಿ ಹಲ್ಲಿಗೆ ಹಾಕಿದ್ದ ರಬ್ಬರನ್ನು ನನ್ನ ಅಂಗೈಗೆ ಉಗುಳಿದಳು.

“ರೀ, ನಿಮ್ಮ ಬುದ್ಧಿ ನಿಮ್ಮ ಹತ್ರಾನೇ ಇಟ್ಕೊಳ್ಳಿ. ಅತ್ತೆ, ನಿಮ್ಮ ಬಾಯಿಂದ ಗೆದ್ದ ಬೆಲ್ಟು ನಂಗೆ ಬೇಡ. ನನ್ನ ಕೈಯಿಂದ ಗೆದ್ರೆ ಗೆದ್ದೆ. ಇಲ್ಲಾಂದ್ರೆ ಅವಳೇ ಇಟ್ಕೊಳ್ಳಲಿ.”

ಅಮ್ಮ ನನ್ನ ಹೆಗಲ ಮೇಲಿದ್ದ ಟವೆಲ್ಲಿನ ತುದಿ ಎಳೆದು ಹಲ್ಲಿನ ನಡುವೆ ಕಚ್ಚಿಕೊಂಡಳು. ಇನ್ನೊಂದು ತುದಿ ನನ್ನ ಹೆಗಲಲ್ಲೇ ಉಳಿಯಿತು. ಅಲ್ಲಿಂದ ಮುಂದಿನ ಸುತ್ತುಗಳನ್ನೆಲ್ಲ ತಾಯಿ ಮಗ ಒಂದೇ ಟವೆಲ್ಲಿಗೆ ಕಟ್ಟಿದವರಂತೆ ನಿಂತು ನೋಡಿದೆವು.

ಹೆಂಡತಿಯ ಒಂದು ಕಣ್ಣು ಊದಿ ಮುಚ್ಚುತ್ತಾ ಬಂತು. ಆದರೂ ಹಿಂದೆ ಸರಿಯಲಿಲ್ಲ. ಒಂದು ಏಟು ತಿಂದರೆ ಒಂದು ಹೆಜ್ಜೆ ಮುಂದಿಡುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟು ಬಂತು, ಹೆಮ್ಮೆಯೂ ಆಯಿತು. ಆದರೆ ಅಂಕಗಳಲ್ಲಿ ಹಿಂದೆ ಬಿದ್ದಿದ್ದೆವು, ಅದು ಮೂವರಿಗೂ ಗೊತ್ತಿತ್ತು.

ಕೊನೆಯ ಸುತ್ತಿನಲ್ಲಿ ಗುಂಡಿ ದಣಿದಳು. ದಣಿದಾಗ ಹೊಡೆದ ಎಡಗೈಯನ್ನು ಮೇಲೆತ್ತಿಕೊಳ್ಳಲು ಮರೆಯುವುದು ಅವಳ ಹಳೇ ಚಾಳಿ. “ಎಡಗೈ ಜೇಬಲ್ಲಿ ಏನೇ ಇಟ್ಟಿದೀಯಾ, ಕಡ್ಲೆಕಾಯಾ?” ಎಂದು ಅಮ್ಮ ಅವಳನ್ನು ಬೈಯದ ದಿನವಿರಲಿಲ್ಲ. ಈಗಲೂ ಆ ಕೈ ಇಳಿಯಿತು. ದವಡೆ ಬಯಲಾಯಿತು. ಹೆಂಡತಿ ಅದಕ್ಕೇ ಕಾದಿದ್ದವಳು, ಬಲಗೈ ಹಿಂದಕ್ಕೆಳೆದಳು.

ನನ್ನ ಹೆಗಲ ಮೇಲೆ ಟವೆಲ್ಲು ಸಡಿಲವಾಯಿತು.

“ಮಡಚು!”

ಗುಂಡಿಯ ಕೈಗಳು ತಾವಾಗಿಯೇ ಮೇಲೆದ್ದು ಮುಖ ಮುಚ್ಚಿದವು. ಹೆಂಡತಿಯ ಕೈಗಳೂ ಏಳತೊಡಗಿದವು. ಅರ್ಧಕ್ಕೆ ನಿಂತವು. ಇಷ್ಟು ವರ್ಷದಲ್ಲಿ ಆ ಕೂಗಿಗೆ ಅವಳು ಮಡಚದೆ ಇದ್ದದ್ದು ಅದೇ ಮೊದಲು. ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟು, ಗುಂಡಿಯ ಮೊಣಕೈ ಕೆಳಗಿನಿಂದ ಪಕ್ಕೆಗೆ ಎಡಗೈ ನುಗ್ಗಿಸಿದಳು. ಆ ಸದ್ದು ನಮ್ಮವರೆಗೂ ಕೇಳಿಸಿತು. ಗುಂಡಿ ಮಂಡಿಯೂರಿದಳು. ಎದ್ದಳು ಕೂಡ, ಆದರೆ ರೆಫರಿ ಎಣಿಕೆ ಮುಗಿಸಿದ ಮೇಲೆ.

ರಿಂಗಿನಿಂದ ಇಳಿದು ಬರುವಾಗ ಎಲ್ಲರದೂ ಒಂದೇ ಮಾತು: ಮುದುಕಿ ಭಾರೀ ಪಾಕಡಾ, ಒಂದು ಕೂಗಿಗೆ ಆ ಹುಡುಗಿಯ ಪಕ್ಕೆ ತೆರೆಸಿಬಿಟ್ಟಳು. ಹೆಂಡತಿ ಅದನ್ನು ಕೇಳಿಸಿಕೊಂಡಳು. ಸೊಂಟದಲ್ಲಿ ಬೆಲ್ಟು ಇತ್ತು, ಮುಖದಲ್ಲಿ ಗೆಲುವು ಇರಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅಮ್ಮ ಕತ್ತರಿ ಹಿಡಿದು ಅವಳ ಎಡಗೈಯ ಪಟ್ಟಿ ಬಿಚ್ಚುತ್ತಿದ್ದಳು.

“ಅತ್ತೆ, ಆಗ ಮಡಚು ಅಂದಿದ್ದು ಯಾರಿಗೆ?”

ನಿನಗೇ ಕಣೇ ಎಂದು ಒಂದು ಸುಳ್ಳು ಹೇಳಿದರೆ ಮನೆ ತಣ್ಣಗಿರುತ್ತಿತ್ತು. ಅಮ್ಮನಿಗೆ ಆ ವಿದ್ಯೆ ಹತ್ತಲೇ ಇಲ್ಲ.

“ಗುಂಡಿಗೆ,” ಎಂದಳು. “ಅವಳ ಕೈ ಕೆಳಗಿತ್ತು. ಬಾಯಿ ತಾನಾಗೇ ತೆರ್ಕೊಳ್ತು.”

“ನಾನು ಬಲಗೈ ಎತ್ತಿದ್ದೆ.”

“ನೋಡ್ದೆ.”

“ನಾನು ನಿಮ್ಮ ಸೊಸೆ.”

“ಅದೂ ಗೊತ್ತು.”

ಹೆಂಡತಿ ಬಾಗಿಲ ಕಡೆ ಕತ್ತು ತಿರುಗಿಸಿದಳು. “ಹೊರಗಡೆ ಎಲ್ಲರೂ ಅತ್ತೆ ಬಾಯಿಂದ ಗೆದ್ಲು ಅಂತಿದಾರೆ.”

ಅಮ್ಮ ಕತ್ತರಿ ಕೆಳಗಿಟ್ಟಳು. “ಅವರಿಗೇನು ಗೊತ್ತು. ನಾನು ಅವಳನ್ನ ಉಳಿಸೋಕೆ ಕೂಗಿದ್ದು ಕಣೇ. ನಿನ್ನ ಬೆಲ್ಟು ಹೋಗೋ ಹಾಗೆ ಕೂಗಿದ್ದು. ನೀನು ಅವಳನ್ನೂ ಹೊಡೆದೆ, ನನ್ನ ಮಾತನ್ನೂ ಹೊಡೆದೆ. ಇವತ್ತು ಒಬ್ಬರನ್ನಲ್ಲ, ಇಬ್ಬರನ್ನ ಸೋಲಿಸಿದೀಯ.”

ಹೆಂಡತಿ ತೆರೆದಿದ್ದ ಒಂದೇ ಕಣ್ಣಿನಿಂದ ಅವಳನ್ನು ನೋಡಿದಳು. ಆಮೇಲೆ ಬಲಗೈಯನ್ನೂ ಅತ್ತೆಯ ತೊಡೆಯ ಮೇಲೆ ಇಟ್ಟಳು.

“ಬೇಗ ಬಿಚ್ಚಿ,” ಎಂದಳು. “ಆಮೇಲೆ ಹೋಗಿ ಅವಳ ಪಕ್ಕೆ ಒಂದ್ಸಲ ನೋಡ್ಕೊಂಡು ಬನ್ನಿ. ಜೋರಾಗೇ ಹಿಂಡಿದೀನಿ.”