ನಳಿಗೆಯ ವಯಸ್ಸು

ನಮ್ಮ ಮಾವ ಹಿಡಿದ ಮೊಲಕ್ಕೆ ಮೂರೇ ಕಾಲು. ಆ ಮೊಲವನ್ನು ನಾನು ಸೊಸೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ಪಂಪ್ ಕೋವಿ ಅಂದರೆ ಹಳೇ ತಯಾರಿಯದು, ಹೊಸ ತಯಾರಿಯದೆಲ್ಲ ಬರೀ ತಗಡು. ಇದಕ್ಕೆ ಎದುರು ಮಾತಾಡಿದ ಗಿರಾಕಿಗಳು ಕೋವಿ ಹೆಗಲಿಗೇರಿಸಿಕೊಂಡು ಬಂದ ದಾರಿಯಲ್ಲೇ ವಾಪಸ್ ಹೋಗಿದ್ದಾರೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಳಿಗೆಯ ಕೆಳಗಿನ ಮರದ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಖಾಲಿ ತೋಟಾ ಹೊರಗೆ ಬಿದ್ದು ಹೊಸದು ಒಳಗೆ ಹೋಗುತ್ತದೆ. ಅದೇ ಪಂಪ್ ಕೋವಿ. ಮನೆಯ ಮುಂಭಾಗದಲ್ಲೇ ಇರುವ ನಮ್ಮ ರಿಪೇರಿ ಅಂಗಡಿಗೆ ಬರುವುದೆಲ್ಲ ಹೆಚ್ಚುಕಮ್ಮಿ ಒಂದೇ ಕಾರ್ಖಾನೆಯ ಒಂದೇ ಮಾದರಿ. ಮೊದಲು ಅದರ ಒಳಗಿನ ಭಾಗಗಳನ್ನು ಗಟ್ಟಿ ಉಕ್ಕಿನಿಂದ ಕಡೆದು, ಉಜ್ಜಿ, ನುಣುಪು ಮಾಡಿ ಕಳಿಸುತ್ತಿದ್ದರು. ಆಮೇಲೆ ಕಾರ್ಖಾನೆಯವರಿಗೆ ಖರ್ಚು ಉಳಿಸುವ ಹುಚ್ಚು ಹತ್ತಿತು. ಕಡೆಯುವ ಬದಲು ಅಚ್ಚು ಒತ್ತಿದರು, ಟ್ರಿಗರ್ ಕಾಯುವ ಬಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿದರು, ಅಂಚು ಉಜ್ಜುವುದನ್ನು ಬಿಟ್ಟೇಬಿಟ್ಟರು. ಅಲ್ಲಿಂದ ಮುಂದಿನದಕ್ಕೆ ಮಾವ ಕೈ ಹಚ್ಚುವುದಿಲ್ಲ.

ಆದರೆ ಕೊಡಬೇಕಾದ ಮರ್ಯಾದೆ ಕೊಡಲೇಬೇಕು. ಕಣ್ಣಿಗೆ ಟವೆಲ್ ಕಟ್ಟಿ ಯಾವ ಕೋವಿಯನ್ನು ಕೈಗೆ ಕೊಟ್ಟರೂ ಅವರು ಒಂದು ಸಲ ಪಂಪ್ ಎಳೆದು, ಹಳೆಯದೋ ಹೊಸದೋ, ಹಳೆಯದಾದರೆ ಸುಮಾರು ಯಾವ ಕಾಲದ್ದು ಅಂತ ಹೇಳಿಬಿಡುತ್ತಿದ್ದರು. ನಳಿಗೆಯ ಬುಡದಲ್ಲಿ ಕಾರ್ಖಾನೆಯವರು ಹೊಡೆದ ಎರಡಕ್ಷರದ ಗುರುತು ಇರುತ್ತದೆ. ತಯಾರಾದ ತಿಂಗಳು, ವರ್ಷ ಎರಡೂ ಅದರಲ್ಲಿ ಗೊತ್ತಾಗುತ್ತದೆ. ಗಿರಾಕಿಗಳು ಅದನ್ನೇ ತೋರಿಸಿ ವಾದಕ್ಕೆ ನಿಂತರೆ ಮಾವನಿಗೆ ಮೈಯೆಲ್ಲ ಉರಿ. "ಮುಂದಿನ ತಿರುಪು ಬಿಚ್ಚಿದ್ರೆ ನಳಿಗೆ ಕೈಗೆ ಬರುತ್ತೆ. ಯಾರು ಯಾವುದಕ್ಕೆ ಬೇಕಾದ್ರೂ ಹಾಕಬಹುದು. ಟೋಪಿ ನೋಡಿ ತಲೆ ವಯಸ್ಸು ಹೇಳ್ತೀರಾ ನೀವು?" ಎನ್ನುತ್ತಿದ್ದರು.

ನನ್ನ ಗಂಡನಿಗೆ ಈ ಕೆಲಸ ಬೇಡ. ಅವನು ಹಾಸಿಗೆ ಅಂಗಡಿಯಲ್ಲಿದ್ದಾನೆ, ನೆಮ್ಮದಿಯಾಗಿದ್ದಾನೆ. ಬೇಕಾಗಿದ್ದದ್ದು ನನಗೆ. ಲೋಹ ಉಜ್ಜುವ ಅರ ಹಿಡಿಯುವುದು, ಎಣ್ಣೆಗಲ್ಲಿನ ಮೇಲೆ ಉಜ್ಜುವುದು, ಎಲ್ಲವನ್ನೂ ಮಾವನ ಪಕ್ಕದಲ್ಲಿ ನಿಂತೇ ಕಲಿತಿದ್ದೆ. ನಿಂತೇ ಅಂದೆ, ಯಾಕೆಂದರೆ ಬೆಂಚಿನ ಮುಂದೆ ಇದ್ದದ್ದು ಒಂದೇ ಸ್ಟೂಲು. ಮಾವನ ಉದ್ದ ಕಾಲಿಗೆ ತಕ್ಕಂತೆ ಮಾಡಿಸಿದ್ದು. ಅದರ ಮೇಲೆ ಬೇರೆಯವರು ಕೂರುವ ಹಾಗಿರಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಮಾವ ಬಾಂಬು ಹಾಕಿದರು. "ಒಳ್ಳೇ ಕೋವಿ ಬರೋದೇ ನಿಂತುಹೋಯ್ತು. ತಗಡು ಬಡಿಯೋಕೆ ನಾನೇನು ಡಬ್ಬ ರಿಪೇರಿಯವನಾ? ತಿಂಗಳ ಕೊನೆಗೆ ಅಂಗಡಿ ಆ ಮೊಬೈಲ್ ಕವರ್ ಮಾರೋನಿಗೆ ಕೊಟ್ಟುಬಿಡ್ತೀನಿ."

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ವಾಪಸ್ ಹಾಕಿದೆ. "ನನಗೆ ಬಿಟ್ಟುಕೊಡಿ ಮಾವ. ಹೊಸವನ್ನ ನಾನು ನೋಡ್ಕೋತೀನಿ. ಒಳಗಿನ ಅಂಚು ಉಜ್ಜಿ ಸರಿ ಮಾಡಿದ್ರೆ ಹಳೇದಕ್ಕೇನೂ ಕಮ್ಮಿ ಇರಲ್ಲ."

"ತಗಡನ್ನ ಉಜ್ಜಿದ್ರೆ ಉಕ್ಕಾಗುತ್ತೆ ಅನ್ನೋರಿಗೆ ಆ ಸ್ಟೂಲ್ ಇಲ್ಲಮ್ಮ."

"ಆಗುತ್ತೆ ಅಂತ ತೋರಿಸಿದ್ರೆ?"

ಮಾವ ನಕ್ಕರು. ಆ ನಗು ನೋಡಿ ನನಗೆ ಪಿತ್ತ ನೆತ್ತಿಗೇರಿತು. "ನನ್ನ ಕಣ್ಣು ಕಟ್ಟಿ ಕೈಗೆ ಕೊಡು," ಎಂದರು ಅವರು. " ಒಂದೇ ಒಂದು ಸಲ ತಪ್ಪಿದ್ರೆ ಅಂಗಡಿ ನಿಂದು, ಸ್ಟೂಲೂ ನಿಂದು. ತಪ್ಪದಿದ್ರೆ ಈ ಮಾತು ಇನ್ನು ಎತ್ತಬಾರದು."

ಅತ್ತೆ ಎಲ್ಲರ ಲೋಟಕ್ಕೂ ನೀರು ಬಿಟ್ಟರು.

ಮಾವ ಮಧ್ಯಾಹ್ನ ಗೊರಕೆ ಹೊಡೆಯುವ ಹೊತ್ತೇ ನನ್ನ ಹೊತ್ತು. ಯಾರೋ ಬೇಡವೆಂದು ಬಿಟ್ಟುಹೋಗಿದ್ದ ಹೊಸ ತಯಾರಿಯ ಒಂದು ಕೋವಿ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಬಿಚ್ಚಿದೆ. ಜಾರುವ ಪಟ್ಟಿಗಳ ಮುಳ್ಳುಮುಳ್ಳು ಅಂಚನ್ನು ಉಜ್ಜಿದೆ, ತೋಟಾ ಕಚ್ಚಿ ಎಳೆಯುವ ಕೊಕ್ಕೆಯನ್ನು ತೆಗೆದು ಗಟ್ಟಿ ಉಕ್ಕಿನದು ಕೂರಿಸಿದೆ, ಪ್ಲಾಸ್ಟಿಕ್ ಬಳೆಯ ಜಾಗಕ್ಕೆ ಗುಜರಿ ಡಬ್ಬದಿಂದ ಲೋಹದ್ದು ಹುಡುಕಿ ಹಾಕಿದೆ, ಹಿಡಿಗೆ ಹಳೇ ಮರ ಜೋಡಿಸಿದೆ. ಬೆರಳಿನ ತುದಿಯ ಚರ್ಮ ಎದ್ದುಹೋಯಿತು. ಒಂದನ್ನು ಮಾತ್ರ ಬದಲಾಯಿಸಲು ಆಗಲಿಲ್ಲ. ತೋಟಾ ತುಂಬುವ ಕೊಳವೆಯ ಬಾಯಲ್ಲಿ ಹೊಸ ತಯಾರಿಯವರು ಎರಡು ಕುಳಿ ಒತ್ತಿರುತ್ತಾರೆ. ಹಳೆಯದರಲ್ಲಿ ಅವು ಇರುವುದಿಲ್ಲ. ಮುಂದಿನ ತಿರುಪು ಬಿಚ್ಚದೆ ಅವು ಕಾಣುವುದೂ ಇಲ್ಲ. ಇರಲಿ ಅಂತ ಬಿಟ್ಟೆ. ನಳಿಗೆಯನ್ನು ಬೇಕೆಂದೇ ಬದಲಾಯಿಸಲಿಲ್ಲ, ಅದರ ಮೇಲಿನ ಹೊಸ ಗುರುತೇ ನನ್ನ ಸಾಕ್ಷಿ.

ತೀರ್ಪು ಹೇಳಲು ಪಕ್ಕದಂಗಡಿಯ ಗಡಿಯಾರ ರಿಪೇರಿಯವರು ಬಂದರು. ಮಾವನ ಚಿಕ್ಕಂದಿನ ಗೆಳೆಯ. ಕಣ್ಣಿಗೆ ಸಿಕ್ಕಿಸುವ ಮಸೂರವನ್ನೂ ತಂದಿದ್ದರು. ಮಾವ ಏನು ಹೇಳುತ್ತಾರೋ ಅದನ್ನು ಅವರು ನಳಿಗೆಯ ಗುರುತಿಗೆ ತಾಳೆ ನೋಡುವುದು ಅಂತ ಒಪ್ಪಂದ. ಖಾಲಿ ಮಾಡಿ ಪರೀಕ್ಷಿಸಿದ ಮೂರು ಕೋವಿಗಳನ್ನು ಬೆಳಿಗ್ಗೆಯೇ ಒಳಗಿನ ಕೋಣೆಯಲ್ಲಿ ಇಟ್ಟಿದ್ದೆ. ಮಾವನ ಕಣ್ಣಿಗೆ ಟವೆಲ್ ಕಟ್ಟಿದ ಮೇಲೆ ಅತ್ತೆ ಒಂದೊಂದಾಗಿ ತಂದುಕೊಟ್ಟರು.

ಮೊದಲನೆಯದು ಅಪ್ಪಟ ಹಳೆಯದು. ಮಾವ ಎಳೆದು, "ಹಳೇದು," ಎಂದರು. ಎರಡನೆಯದು ಮುಟ್ಟದೆ ಬಿಟ್ಟ ಹೊಸದು. ಗರಗರ ಸದ್ದಿಗೇ ಮುಖ ಸಿಂಡರಿಸಿ, "ತಗಡು," ಎಂದರು. ಎರಡೂ ಸರಿ.

ಮೂರನೆಯದು ನನ್ನದು. ಮಾವ ಎಳೆದರು. ತಳ್ಳಿದರು. ಮತ್ತೆ ಎಳೆದರು. ಅವರ ಮುಖ ಅರಳಿತು. "ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ? ಮೊದಲನೇದಕ್ಕಿಂತ ಹಳೇದು. ಅವರ ಒಳ್ಳೇ ಕಾಲದ್ದು. ಹೀಗೆ ಮಾಡೋರು ಈಗ ಯಾರಿದ್ದಾರೆ?"

ನನ್ನೊಳಗೆ ಡೋಲು ಬಡಿದ ಹಾಗಾಯಿತು. ಗಡಿಯಾರದವರು ಮಸೂರ ಸಿಕ್ಕಿಸಿಕೊಂಡು ನಳಿಗೆಗೆ ಬಾಗಿ, ತಲೆಯೆತ್ತಿದರು. "ಸರಿಯಾಗೇ ಹೇಳಿದ ನೋಡಮ್ಮ. ಗುರುತು ಆ ಕಾಲದ್ದೇ."

ನಾನು ಬಾಗಿ ನೋಡಿದೆ. ಅದು ಆ ಕೋವಿಯ ನಳಿಗೆಯೇ ಅಲ್ಲ. ನಮ್ಮ ಅಟ್ಟದ ಮೇಲೆ ಬಿದ್ದಿದ್ದ ಒಂದು ಹಳೇ ನಳಿಗೆ. ಸುತ್ತ ನೋಡಿದರೆ ಅತ್ತೆ ಬೆರಳಿಗೆ ಹತ್ತಿದ ಕಪ್ಪು ಎಣ್ಣೆಯನ್ನು ಕೈವಸ್ತ್ರಕ್ಕೆ ನಿಧಾನವಾಗಿ ಒರೆಸುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೀದಾ ಅಡುಗೆಮನೆಗೆ ಹೋದೆ, ಅವರೂ ಹಿಂದೆಯೇ ಬಂದರು.

"ಏನತ್ತೆ ಇದು? ನಾನು ಗೆದ್ದಿದ್ದೆ. ನಳಿಗೆ ಬದಲಾಯಿಸಿ ನೀವೇ ಕಾಲೆಳೆದ್ರಲ್ಲ."

"ಬಾಯಿ ಸಣ್ಣದು ಮಾಡು," ಎಂದರು ಅತ್ತೆ. "ಗೆಳೆಯನ ಮುಂದೆ ಸೋಲಿಸಿದ್ರೆ ಸಾಯೋ ತನಕ ಹಠ ಹಿಡೀತಾರೆ. ನಾನು ಕಂಡಿಲ್ವಾ? ಗೆಲ್ಲಿಸಿ ಬಿಡು. ತಿರುಪು ಬಿಚ್ಚಿ ನೋಡದೆ ಇರೋ ಜನ ಅಲ್ಲ ಅವರು."

"ನೋಡಿ ಸುಮ್ಮನಿದ್ರೆ?"

"ಸುಮ್ಮನಿದ್ರೆ ನಾನು ಇಷ್ಟು ವರ್ಷ ಬೇರೆ ಯಾರ ಜೊತೆಗೋ ಬಾಳಿದೆ ಅಂತ ಆಯ್ತು."

ಬಾಗಿಲ ಸಂದಿಯಿಂದ ಇಬ್ಬರೂ ಇಣುಕಿದೆವು. ಗಡಿಯಾರದವರು ಬೆನ್ನು ತಟ್ಟಿ ಹೊರಟುಹೋಗಿದ್ದರು. ಮಾವ ಒಬ್ಬರೇ ಆ ಮೂರನೇ ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಹಿಡಿಯನ್ನು ಹಿಂದೆಮುಂದೆ ಆಡಿಸುತ್ತಿದ್ದರು. ಆಮೇಲೆ ಮುಂದಿನ ತಿರುಪು ಬಿಚ್ಚಿದರು. ನಳಿಗೆ ಎಳೆದು ಪಕ್ಕಕ್ಕಿಟ್ಟು ಕೊಳವೆಯ ಬಾಯಿಗೆ ಹೆಬ್ಬೆರಳಿಟ್ಟರು. ಆ ಬೆರಳು ಕುಳಿಯ ಮೇಲೆ ನಿಂತಿತು. ಆಮೇಲೆ ಎಲ್ಲವನ್ನೂ ಮೊದಲಿನಂತೆ ಜೋಡಿಸಿ ಊಟಕ್ಕೆ ಬಂದರು.

"ನಾನೇ ಗೆದ್ದೆ ನೋಡು," ಎಂದರು ನನಗೆ. ಅಷ್ಟೇ. ನಾನು ಅತ್ತೆಯನ್ನು ತಿನ್ನುವ ಹಾಗೆ ನೋಡಿದೆ. ಅವರು ಕಣ್ಣು ತಪ್ಪಿಸಿದರು. ಆ ಇಡೀ ದಿನ ನಾನು ಯಾರ ಹತ್ತಿರವೂ ಮಾತಾಡಲಿಲ್ಲ, ಪಾತ್ರೆಗಳ ಹತ್ತಿರ ಮಾತ್ರ ಜೋರಾಗಿ ಮಾತಾಡಿದೆ.

ಮಾರನೇ ಬೆಳಿಗ್ಗೆ ಗರಗಸದ ಸದ್ದಿಗೆ ಎಚ್ಚರವಾಯಿತು. ಅಂಗಡಿಗೆ ಹೋದರೆ ನೆಲದ ತುಂಬ ಮರದ ಪುಡಿ. ಮಾವ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಪಕ್ಕದಲ್ಲಿ ಅವರ ಸ್ಟೂಲು, ನಾಲ್ಕೂ ಕಾಲು ಗಿಡ್ಡ ಮಾಡಿಸಿಕೊಂಡು.

"ಏನ್ ನೋಡ್ತೀಯಾ, ಕೂತ್ಕೋ," ಎಂದರು.

ಕೂತೆ. ನನ್ನ ಪಾದ ನೆಲಕ್ಕೆ ತಾಗಿತು. ಕಣ್ಣು ಮಂಜಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಸ್ಟೂಲು ಗಡಗಡ ಅಲ್ಲಾಡಿತು. ಬಗ್ಗಿ ನೋಡಿದೆ. ಒಂದು ಕಾಲನ್ನು ಹೆಚ್ಚಾಗಿ ಕುಯ್ದಿದ್ದರು. ನೆಲ ಮುಟ್ಟುತ್ತಿದ್ದದ್ದು ಮೂರೇ ಕಾಲು. ಬಾಗಿಲಲ್ಲಿ ನಿಂತಿದ್ದ ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದರು.

ನನಗೆ ನಾಲಿಗೆ ತಡೆಯಲಾಗಲಿಲ್ಲ. "ಮಾವ, ಇದು ಯಾವ ಕಾಲದ ತಯಾರಿ?"

ಮಾವ ನನ್ನನ್ನು ನೋಡಿದರು, ಸ್ಟೂಲು ನೋಡಿದರು, ಆಮೇಲೆ ಬೆಂಚಿನ ಮೇಲಿನ ತಮ್ಮ ಅರವನ್ನು ತೆಗೆದು ನನ್ನ ಕೈಗಿಟ್ಟರು.

"ಹೊಸದಮ್ಮ," ಎಂದರು. "ಉಜ್ಜಿದ್ರೆ ಸರಿಹೋಗುತ್ತೆ."